ಏಳು ನೂರು ಪಗಾರ, ಎಷ್ಟು ಹಾಜರಿ?

ನೀವು ರಾತ್ರಿ ಟಿವಿಯಲ್ಲಿ ನನ್ನನ್ನ ನೋಡುವಾಗ ನನ್ನ ಬೆನ್ನ ಹಿಂದೆ ಒಂದು ಗೋಡೆ ಕಾಣುತ್ತಲ್ಲ, ಅದು ಗೋಡೆಯೇ ಅಲ್ಲ. ಇಟ್ಟಿಗೆ ಇಲ್ಲ, ಸಿಮೆಂಟ್ ಇಲ್ಲ. ತಗಡಿನ ಫ್ರೇಮು, ಅದರ ಮೇಲೆ ಸ್ಕ್ರೂ ಹೊಡೆದ ಜಿಪ್ಸಂ ಬೋರ್ಡು. ಬೆರಳಲ್ಲಿ ಬಡಿದರೆ ಡಬ್ಬದ ಸದ್ದು ಬರುತ್ತೆ. ಹೋದ ಜೂನ್‌ನಲ್ಲಿ ಆ ಸೆಟ್ ಬದಲಾಯಿಸಿದರು. ಒಂದು ಸಂಜೆ ಬುಲೆಟಿನ್ ಮುಗಿಸಿ ಹೊರಗೆ ಬಂದರೆ, ಒಬ್ಬ ಹುಡುಗ ಏಣಿ ಮೇಲೆ ನಿಂತು ಎರಡು ಬೋರ್ಡಿನ ನಡುವಿನ ಸಂದಿಗೆ ಕಾಗದದ ಪಟ್ಟಿ ಅಂಟಿಸಿ, ಮೇಲೆ ಬಿಳಿ ಪೇಸ್ಟ್ ಎಳೀತಾ ಇದ್ದ. ನನ್ನ ಕಣ್ಣಿಗೆ ಕೆಲಸ ಮುಗಿದಿತ್ತು. ‘ಸಾಕಲ್ಲ, ಚೆನ್ನಾಗೇ ಇದೆ’ ಅಂದೆ.

‘ಇಲ್ರಿ ಸರ. ನಿಮ್ಮ ಲೈಟ್ ಅಡ್ಡ ಬೀಳತೈತಿ. ಈಗ ಕಾಣಂಗಿಲ್ಲ, ಲೈಟ್ ಹಾಕಿದ ಮ್ಯಾಲೆ ಜಾಯಿಂಟ್ ಎದ್ದು ಕಾಣತೈತಿ. ಇನ್ನೊಂದು ಕೈ ಬೇಕು.’

ಭಾಷೆ ಕಿವಿಗೆ ಬಿದ್ದ ಕೂಡಲೇ ‘ಯಾವೂರು?’ ಅಂತ ಕೇಳಿದೆ. ಮುಂಡರಗಿ ಕಡೆ ಅಂದ. ನನ್ನ ಅಜ್ಜಿ ಊರು ಲಕ್ಷ್ಮೇಶ್ವರ. ಆಮೇಲೆ ಮಾತು ಬೇರೆ ದಾರಿ ಹಿಡೀತು. ಊರಲ್ಲಿ ತಾಯಿ, ಹೆಂಡತಿ, ಒಂದನೇ ಕ್ಲಾಸಿಗೆ ಹೋಗುವ ಮಗಳು. ತಾಯಿಗೆ ಶುಗರ್, ಬಿಪಿ, ಈಗ ಕಣ್ಣೂ ಮಂದ. ಚಹಾ ಕುಡೀತಾ ಅವನು ಕೇಳಿದ್ದು ಒಂದೇ ಪ್ರಶ್ನೆ: ‘ಇಲ್ಲಿ ಸಾವಿರ ಕೊಡ್ತಾರ. ನಮ್ಮ ಕಡೆ ಏಳು ನೂರು. ಹಳ್ಳಿ ಅಂದ್ರ ಖರ್ಚು ಕಮ್ಮಿ ಅಂತಾರ ಎಲ್ಲಾರೂ. ಊರಾಗ ಇದ್ದು ದುಡದ್ರ ನಡೀತದೇನ್ರಿ ಸರ? ನೀವು ಎಂಜಿನಿಯರಿಂಗ್ ಓದೀರಂತ, ಲೆಕ್ಕ ಹಾಕಿ ಹೇಳ್ರಿ.’

ಎಂಜಿನಿಯರಿಂಗ್ ಓದಿ ಟಿವಿಗೆ ಬಂದವನಿಗೆ ಇದಕ್ಕಿಂತ ಒಳ್ಳೆ ಪರೀಕ್ಷೆ ಪೇಪರ್ ಸಿಗಲ್ಲ. ಅವತ್ತು ಸ್ಕ್ರಿಪ್ಟ್ ಕಾಗದದ ಹಿಂಬದಿಯಲ್ಲಿ ಶುರು ಮಾಡಿದ ಲೆಕ್ಕ ಇದು. ಅಂಕಿಗಳು ಆ ಹುಡುಗ ಹೇಳಿದವು. ಸಮೀಕ್ಷೆ ಅಂತ ಯಾರೂ ತಿಳೀಬೇಡಿ, ಒಂದು ಮನೆಯ ಲೆಕ್ಕ ಅಷ್ಟೆ.

ಬೆಂಗಳೂರು: ದಿನಕ್ಕೆ 1,000, ತಿಂಗಳಿಗೆ 26 ಹಾಜರಿ, ಒಟ್ಟು 26,000 ರೂಪಾಯಿ. ನಾಲ್ಕು ಜನ ಸೇರಿ ಹಿಡಿದ ರೂಮಿಗೆ ಇವನ ಪಾಲು 2,000. ಊಟ ದಿನಕ್ಕೆ 200ರಂತೆ 6,000. ಬಸ್ಸು, ಫೋನು, ಚಹಾ, ಸೋಪು 2,500. ಊರಿಗೆ ಹೋಗಿಬರುವ ಖರ್ಚು ತಿಂಗಳಿಗೆ ಹಂಚಿದರೆ 1,000. ಒಟ್ಟು 11,500 ಇಲ್ಲೇ ಕರಗುತ್ತೆ. ಮನೆಗೆ ಹೋಗೋದು 14,500.

ಊರು: ದಿನಕ್ಕೆ 700. ರೂಮಿಲ್ಲ, ಮೆಸ್ಸಿಲ್ಲ. ಮನೆಯ ಒಲೆಯಲ್ಲೇ ಇನ್ನೊಂದು ತಟ್ಟೆ, ಅವನ ಕೈಖರ್ಚು ಸೇರಿ ತಿಂಗಳಿಗೆ 2,000 ಹೆಚ್ಚು ಅಂತ ಹಿಡಿಯೋಣ. ಹಾಗಾದರೆ ಬೆಂಗಳೂರಿನಿಂದ ಬರುವ 14,500ಕ್ಕೆ ಸಮ ಆಗಬೇಕು ಅಂದ್ರೆ ಊರಲ್ಲಿ 16,500 ದುಡೀಬೇಕು. ಅದನ್ನ 700ರಿಂದ ಭಾಗಿಸಿ. ಇಪ್ಪತ್ಮೂರೂವರೆ. ಅಂದ್ರೆ 24 ಹಾಜರಿ.

‘ಎಷ್ಟು ದಿನ ಕೆಲಸ ಸಿಗುತ್ತೆ ಅಲ್ಲಿ?’ ಅಂತ ಕೇಳಿದೆ. ‘ಚಲೋ ತಿಂಗಳಿದ್ರ ಹದಿನಾರು’ ಅಂದ.

16 ಹಾಜರಿಗೆ 11,200. ಎರಡು ಸಾವಿರ ಕಳೆದರೆ 9,200. ಬೆಂಗಳೂರಿಗಿಂತ ತಿಂಗಳಿಗೆ 5,300 ಕಡಿಮೆ. ನೋಡಿ, ನಾವು ಎಲ್ಲರೂ ಜಗಳ ಆಡೋದು ಸಾವಿರಕ್ಕೂ ಏಳು ನೂರಕ್ಕೂ ಇರುವ ಮುನ್ನೂರು ರೂಪಾಯಿ ವ್ಯತ್ಯಾಸದ ಬಗ್ಗೆ. ಊರಲ್ಲಿ ಉಳಿಯುವ ಖರ್ಚು ಆ ಮುನ್ನೂರನ್ನ ಹೆಚ್ಚುಕಡಿಮೆ ತುಂಬಿಕೊಡುತ್ತೆ. ತುಂಬದೇ ಇರೋದು ಎಂಟು ಹಾಜರಿಯ ಗುಂಡಿ.

ಈಗ ನಿಜವಾದ ಪ್ರಶ್ನೆ. ಅದೇ ಕೈ, ಅದೇ ಕಸುಬು, ಗದಗ ಜಿಲ್ಲೆಯಲ್ಲೂ ಸೀಲಿಂಗ್ ಮಾಡಿಸುವವರು ಇದ್ದಾರೆ. ಗದಗ-ಬೆಟಗೇರಿಯ ಬಟ್ಟೆ ಅಂಗಡಿ, ಲಕ್ಷ್ಮೇಶ್ವರದ ಬ್ಯಾಂಕು, ಶಿರಹಟ್ಟಿಯ ಹೊಸ ಮನೆಯ ಹಾಲು, ಎಲ್ಲ ಕಡೆ ಈಗ ಜಿಪ್ಸಂ. ಹಾಗಿದ್ದೂ ಹಾಜರಿ ಯಾಕೆ ಬೀಳಲ್ಲ? ಇದಕ್ಕೆ ಉತ್ತರ ಅರ್ಥಶಾಸ್ತ್ರಕ್ಕಿಂತ ಮೊದಲು ಆ ಬಿಳಿ ಪೇಸ್ಟಿನಲ್ಲಿದೆ. ಸ್ವಲ್ಪ ತಾಳ್ಮೆಯಿಂದ ಕೇಳಿ.

ಜಿಪ್ಸಂ ಬೋರ್ಡು ಅಂದ್ರೆ ಎರಡು ಪದರ ಗಟ್ಟಿ ಕಾಗದದ ನಡುವೆ ಜಿಪ್ಸಂ ಪುಡಿ ಕಲಸಿ ಗಟ್ಟಿ ಮಾಡಿದ ಹಲಗೆ. ಸಾಮಾನ್ಯವಾಗಿ ಹನ್ನೆರಡೂವರೆ ಮಿಲಿಮೀಟರ್ ದಪ್ಪ. ಎರಡು ಬೋರ್ಡು ಅಕ್ಕಪಕ್ಕ ಕೂಡಿಸಿದರೆ ನಡುವೆ ಸಂದಿ ಉಳಿಯುತ್ತೆ. ಅದನ್ನ ಬರೀ ಪುಟ್ಟಿಯಿಂದ ಮುಚ್ಚಿದರೆ ನಾಲ್ಕು ದಿನಕ್ಕೆ ಕೂದಲೆಳೆಯ ಬಿರುಕು ಬರುತ್ತೆ, ಯಾಕಂದ್ರೆ ಬಿಸಿಲಿಗೆ, ತೇವಕ್ಕೆ, ಬಾಗಿಲು ಬಡಿಯುವ ಅದುರಿಗೆ ಫ್ರೇಮು ಸ್ವಲ್ಪ ಸ್ವಲ್ಪವೇ ಅಲುಗುತ್ತಾ ಇರುತ್ತೆ. ಅದಕ್ಕೇ ಟೇಪು. ಮೊದಲು ಕಾಂಪೌಂಡ್ ಹಚ್ಚಿ ಟೇಪು ಕೂಡಿಸಬೇಕು, ಒಣಗಬೇಕು. ಎರಡನೇ ಕೈ ಇನ್ನೂ ಅಗಲವಾಗಿ ಎಳೀಬೇಕು, ಒಣಗಬೇಕು. ಮೂರನೇ ಕೈ ಅದಕ್ಕಿಂತ ಅಗಲ. ಆಮೇಲೆ ಉಜ್ಜುಕಾಗದ ಹಿಡಿದು ತಲೆ ಮೇಲೆ ಕೈ ಎತ್ತಿ ಉಜ್ಜೋದು. ಆ ಪುಡಿ ಕಣ್ಣಿಗೂ ಹೋಗುತ್ತೆ, ಎದೆಗೂ ಹೋಗುತ್ತೆ. ಕೆಲಸ ಚೆನ್ನಾಗಿ ಆಗಿದೆ ಅನ್ನೋದಕ್ಕೆ ಇರುವ ಏಕೈಕ ಸಾಕ್ಷಿ ಅಂದ್ರೆ ಏನೂ ಕಾಣದೇ ಇರೋದು.

ಈಗ ಶಿರಹಟ್ಟಿಯ ಒಂದು ಹಾಲು ತಗೊಳ್ಳಿ. 12 ಅಡಿಗೆ 14 ಅಡಿ, 168 ಚದರಡಿ. ಆರಡಿಗೆ ನಾಲ್ಕಡಿ ಬೋರ್ಡಿನ ಲೆಕ್ಕದಲ್ಲಿ ಏಳು ಬೋರ್ಡು. ಮೊದಲನೇ ಕೈ ಎಳೆಯೋಕೆ ಎರಡು ತಾಸು ಸಾಕು. ಆಮೇಲೆ? ಒಣಗೋವರೆಗೆ ಕೂತಿರಬೇಕು. ಮಳೆಗಾಲ ಆದ್ರೆ ನಾಳೆ ಬರಬೇಕು. ಎರಡನೇ ದಿನ ಎರಡು ತಾಸು, ಮೂರನೇ ದಿನ ಎರಡು ತಾಸು, ಆಮೇಲೆ ಉಜ್ಜೋಕೆ ಇನ್ನೊಂದು ಸಲ. ಮನೆ ಮಾಲೀಕರು ಕೊಡೋದು ಚದರಡಿ ಲೆಕ್ಕ. ಒಣಗುವ ಹೊತ್ತಿಗೆ ಯಾರೂ ದುಡ್ಡು ಕೊಡಲ್ಲ.

ಬೆಂಗಳೂರಿನ ಆಫೀಸ್ ಕಟ್ಟಡದಲ್ಲಿ ಒಂದು ಮಹಡಿಯೇ ಇಪ್ಪತ್ತು ಸಾವಿರ ಚದರಡಿ ಇರುತ್ತೆ. ಒಂದು ಮೂಲೆಯ ಜಾಯಿಂಟ್ ಒಣಗುವಷ್ಟರಲ್ಲಿ ಇವನು ಇನ್ನೊಂದು ಮೂಲೆಯಲ್ಲಿ ಇರ್ತಾನೆ. ತಿರುಗಿ ಬರುವಾಗ ಮೊದಲನೇದು ಎರಡನೇ ಕೈಗೆ ತಯಾರು. ಕಾಯೋದು ಅನ್ನೋದೇ ಇಲ್ಲ. ಅದಕ್ಕೇ ಅಲ್ಲಿ ಟೇಪು ಹಚ್ಚೋದು ಒಂದು ಪ್ರತ್ಯೇಕ ಕಸುಬಾಗಿ ಬದುಕುತ್ತೆ, ಶಿರಹಟ್ಟಿಯಲ್ಲಿ ಬದುಕಲ್ಲ. ಅಲ್ಲಿ ಒಬ್ಬನೇ ಫ್ರೇಮು ಕಟ್ಟಬೇಕು, ಬೋರ್ಡು ಏರಿಸಬೇಕು, ಟೇಪು, ಪುಟ್ಟಿ, ಪೇಂಟು, ಎಲ್ಲ ಮಾಡಬೇಕು. ಬೆಟಗೇರಿಯ ನೇಕಾರರಿಗೆ ಇದನ್ನ ವಿವರಿಸೋದೇ ಬೇಡ. ಸೀರೆಗೆ ಇಷ್ಟು ಅಂತ ಕೂಲಿ ತಗೊಂಡವರಿಗೆ, ಹಾಸು ಹೂಡುವ ದಿನ ಮಗ್ಗ ಸುಮ್ಮನಿರೋದು ಅಂದ್ರೆ ಏನು ಅಂತ ಗೊತ್ತು.

ದೀಪಾವಳಿಗೆ ಲಕ್ಷ್ಮೇಶ್ವರಕ್ಕೆ ಹೋದಾಗ ಇದನ್ನೇ ಅಲ್ಲಿನ ಒಬ್ಬ ಹಿರಿಯ ಗೌಂಡಿಯವರ ಮುಂದೆ ಇಟ್ಟೆ. ಅವರು ನಕ್ಕರು. ‘ಒಣಗೋದು ನಿಮಗ ಕಾಣಸ್ತು. ಪಂಚಾಂಗ ಕಾಣಸಲಿಲ್ಲ’ ಅಂದರು. ನಮ್ಮ ಕಡೆ ಸೀಲಿಂಗ್ ಅನ್ನೋದು ಮನೆಯ ಕೊನೆಯ ಕೆಲಸ, ಗೃಹಪ್ರವೇಶಕ್ಕೆ ಎರಡು ವಾರ ಮುಂಚೆ ಮಾಡಿಸೋದು. ಆಷಾಢದಲ್ಲಿ ಗೃಹಪ್ರವೇಶ ಇಲ್ಲ. ಪಿತೃಪಕ್ಷದಲ್ಲಿ ಇಲ್ಲ. ಧನುರ್ಮಾಸದಲ್ಲಿ ಇಲ್ಲ. ಹಾಗಾಗಿ ಮೂರು ಮನೆಯವರು ಒಂದೇ ವಾರ ಕರೀತಾರೆ, ಆಮೇಲೆ ಒಂದು ತಿಂಗಳು ಯಾರೂ ಕರೆಯಲ್ಲ. ಅದರ ಮೇಲೆ ಹೊಲ. ಹೆಸರು ಚೆನ್ನಾಗಿ ಬಂದ ವರ್ಷ ಶ್ರಾವಣ ಮುಗಿಯುವ ಹೊತ್ತಿಗೆ ಕೈಗೆ ಒಂದಿಷ್ಟು ದುಡ್ಡು. ಆಮೇಲೆ ಉಳ್ಳಾಗಡ್ಡಿ, ಶೇಂಗಾ. ಚಳಿಗಾಲದಲ್ಲಿ ಮೆಣಸಿನಕಾಯಿ, ಹತ್ತಿ. ಆ ದುಡ್ಡು ಬಂದರೆ ಸೀಲಿಂಗ್, ಬರದಿದ್ದರೆ ಬರೀ ಸುಣ್ಣ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನ ಬರಪೀಡಿತ ಅಂತ ಸರ್ಕಾರ ಘೋಷಿಸ್ತು. ಅಂಥ ವರ್ಷ ಹಾಲಿಗೆ ಡಿಸೈನ್ ಬೇಕು ಅಂತ ಕೇಳುವವರು ಯಾರು? ರೈತನ ಬೆಳೆ ಹೋದದ್ದು ಸುದ್ದಿಯಾಗುತ್ತೆ, ನಾವೂ ತೋರಿಸಿದ್ದೀವಿ. ಆ ಬೆಳೆಯ ದುಡ್ಡಲ್ಲಿ ಬದುಕುವ ಪೇಂಟರ್, ಸೀಲಿಂಗ್‌ನವನು, ಎಲೆಕ್ಟ್ರಿಷಿಯನ್, ಇವರಿಗೆ ಪರಿಹಾರದ ಪಟ್ಟಿಯೇ ಇಲ್ಲ. ಅವರು ಸುಮ್ಮನೆ ಗುಳೆ ಹೋಗ್ತಾರೆ. ಗೋವಾಕ್ಕೆ, ಮಂಗಳೂರಿಗೆ, ಬೆಂಗಳೂರಿಗೆ.

ಇನ್ನು ‘ಹಳ್ಳಿ ಅಂದ್ರೆ ಖರ್ಚು ಕಡಿಮೆ’ ಅನ್ನೋ ಮಾತಿಗೆ ಬರೋಣ. ಅರ್ಧ ನಿಜ. ಬಾಡಿಗೆ ಇಲ್ಲ, ಸರಿ. ಸಂತೆಯಲ್ಲಿ ಸೊಪ್ಪು, ಬದನೆಕಾಯಿ ಅಗ್ಗ, ಅದೂ ಸರಿ. ಅನ್ನಭಾಗ್ಯದ ಅಕ್ಕಿ ಬರುತ್ತೆ, ಹೆಂಡತಿಗೆ ಗೃಹಲಕ್ಷ್ಮಿಯ 2,000 ಬರುತ್ತೆ, ಇವೆಲ್ಲ ಅವನು ಎಲ್ಲೇ ದುಡಿದರೂ ಮನೆಗೆ ಬರುವಂಥವು. ಆದರೆ ಶುಗರ್ ಮಾತ್ರೆಯ ಚೀಟಿ ಮೇಲೆ ಮುಂಡರಗಿಗೆ ಒಂದು ರೇಟು, ಜಯನಗರಕ್ಕೆ ಒಂದು ರೇಟು ಇರಲ್ಲ. ಮೊಬೈಲ್ ರೀಚಾರ್ಜಿಗೂ ಇಲ್ಲ, ಅಡುಗೆ ಎಣ್ಣೆ ಪಾಕೀಟಿಗೂ ಇಲ್ಲ, ಗ್ಯಾಸ್ ಸಿಲಿಂಡರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ. ಕೆಲವು ಖರ್ಚು ಹಳ್ಳಿಯಲ್ಲೇ ಜಾಸ್ತಿ. ತಾಯಿಯ ಕಣ್ಣಿನ ಪರೀಕ್ಷೆ ಗದಗದಲ್ಲೇ ಮುಗಿದರೆ ಪುಣ್ಯ, ಇಲ್ಲದಿದ್ದರೆ ಹುಬ್ಬಳ್ಳಿ. ಮಹಿಳೆಯರಿಗೆ ಸರ್ಕಾರಿ ಬಸ್ಸು 2023ರ ಜೂನ್‌ನಿಂದ ಫ್ರೀ ಇದೆ, ತಾಯಿಗೆ ಟಿಕೆಟ್ ಇಲ್ಲ. ಜೊತೆಗೆ ಹೋಗುವ ಮಗನಿಗೆ ಟಿಕೆಟ್ಟೂ ಇದೆ, ಒಂದು ಹಾಜರಿಯೂ ಹೋಯ್ತು.

ಅದಕ್ಕಿಂತ ದೊಡ್ಡದು ಪೆಟ್ರೋಲು. ಮುಂಡರಗಿಯಲ್ಲಿ ಕೆಲಸ ಇಲ್ಲ, ಗದಗದಲ್ಲಿದೆ ಅಂತ ಇಟ್ಟುಕೊಳ್ಳಿ. ಹೋಗೋಕೆ ಸುಮಾರು 40 ಕಿಲೋಮೀಟರ್, ಬರೋಕೆ 40. ಲೀಟರಿಗೆ 45 ಕೊಡುವ ಬೈಕು, ಲೀಟರಿಗೆ 103ರ ಆಸುಪಾಸು ಪೆಟ್ರೋಲು. ದಿನಕ್ಕೆ 180 ರೂಪಾಯಿ ರಸ್ತೆ ಮೇಲೆ. ಬಸ್ಸಿಗೆ ಹೋಗಬಹುದಲ್ಲ ಅಂತ ನಾನೂ ಕೇಳಿದೆ. ಡ್ರಿಲ್ಲು, ಪಟ್ಟಿ, ಕರಣಿ, ಲೆವಲ್ಲು ಎಲ್ಲ ಚೀಲದಲ್ಲಿ ಹೊತ್ತುಕೊಂಡು, ಬೆಳಗ್ಗೆ ಎಂಟಕ್ಕೆ ಸೈಟಿನಲ್ಲಿ ಇರಬೇಕು ಅಂದ್ರೆ ಮೊದಲ ಬಸ್ಸಿಗೇ ಹೊರಡಬೇಕಂತೆ. 24 ಹಾಜರಿಯಲ್ಲಿ ಅರ್ಧ ಗದಗದಲ್ಲಿ ಅಂದ್ರೆ 2,160 ರೂಪಾಯಿ ಹೋಯ್ತು. ಅದನ್ನ ತುಂಬೋಕೆ ಇನ್ನೂ ಮೂರು ಹಾಜರಿ ಬೇಕು. 24 ಇದ್ದದ್ದು 27 ಆಯ್ತು. ಭಾನುವಾರ ರಜಾ ತಗೊಂಡರೆ ತಿಂಗಳಲ್ಲಿ ಇರೋದೇ 26.

26. ಈ ಸಂಖ್ಯೆಯನ್ನ ನೆನಪಿಟ್ಟುಕೊಳ್ಳಿ, ಯಾಕಂದ್ರೆ ಸರ್ಕಾರವೂ ಇದರ ಮೇಲೇ ನಿಂತಿದೆ. ಕನಿಷ್ಠ ಕೂಲಿ ಹೇಗೆ ಲೆಕ್ಕ ಹಾಕ್ತಾರೆ ಗೊತ್ತಾ? 1957ರಲ್ಲಿ 15ನೇ ಭಾರತೀಯ ಕಾರ್ಮಿಕ ಸಮ್ಮೇಳನ ಒಂದು ಸೂತ್ರ ಕೊಡ್ತು. ಒಬ್ಬ ದುಡಿಯುವವನ ಹಿಂದೆ ಮೂರು ‘ಬಳಕೆ ಘಟಕ’. ಸಾಮಾನ್ಯವಾಗಿ ಬಿಡಿಸೋದು ಹೀಗೆ: ಗಂಡ ಒಂದು, ಹೆಂಡತಿ ಸೊನ್ನೆ ಪಾಯಿಂಟ್ ಎಂಟು, ಎರಡು ಮಕ್ಕಳು ತಲಾ ಸೊನ್ನೆ ಪಾಯಿಂಟ್ ಆರು. ಘಟಕಕ್ಕೆ ದಿನಕ್ಕೆ 2,700 ಕ್ಯಾಲರಿ ಊಟ. ಕುಟುಂಬಕ್ಕೆ ವರ್ಷಕ್ಕೆ 72 ಗಜ ಬಟ್ಟೆ. ಬಾಡಿಗೆ. ಸೌದೆ, ದೀಪ, ಇತರೆ ಖರ್ಚಿಗೆ ಶೇ 20. 1991ರಲ್ಲಿ ಸುಪ್ರೀಂ ಕೋರ್ಟ್ ರೆಪ್ಟಕೋಸ್ ಬ್ರೆಟ್ ಕೇಸಿನಲ್ಲಿ, ಮಕ್ಕಳ ಓದು, ಔಷಧಿ, ಮದುವೆ, ಮುಪ್ಪು ಇವುಗಳಿಗಾಗಿ ಇನ್ನೂ ಶೇ 25 ಸೇರಿಸಿ ಅಂತ ಹೇಳ್ತು. ಒಳ್ಳೆಯ ಸೂತ್ರ. ಎಂಜಿನಿಯರಿಂಗ್ ವಿದ್ಯಾರ್ಥಿಗೆ ನೋಡಿದ ಕೂಡಲೇ ಇಷ್ಟ ಆಗುತ್ತೆ, ಪ್ರತಿ ಪದಕ್ಕೂ ಒಂದು ಕಾರಣ ಇದೆ.

ಎರಡು ಕಡೆ ಮಾತ್ರ ನನ್ನ ಪೆನ್ನು ನಿಂತಿತು. ಮೂರು ಘಟಕದಲ್ಲಿ ತಾಯಿ ಎಲ್ಲಿದ್ದಾಳೆ? ಇಲ್ಲ. ಮುಂಡರಗಿಯ ಮನೆಯಲ್ಲಿ ಅತಿ ಹೆಚ್ಚು ಔಷಧಿ ಬೇಕಾಗಿರುವ ಜೀವಕ್ಕೆ ಸೂತ್ರದಲ್ಲಿ ತಟ್ಟೆಯೇ ಇಲ್ಲ. ಎರಡನೇದು, ಹೀಗೆ ಬಂದ ತಿಂಗಳ ಮೊತ್ತವನ್ನ ದಿನಗೂಲಿ ಮಾಡೋಕೆ 26ರಿಂದ ಭಾಗಿಸ್ತಾರೆ. ಫ್ಯಾಕ್ಟರಿಯಲ್ಲಿ ಇದು ಸರಿ. ವಾರಕ್ಕೆ ಒಂದು ರಜಾ, ಉಳಿದ ದಿನ ಕೆಲಸ ಇದ್ದೇ ಇರುತ್ತೆ. ತಿಂಗಳಿಗೆ 16 ದಿನ ಕೆಲಸ ಸಿಗುವವನಿಗೆ ಅದೇ ಭಾಗಾಕಾರ ಹಚ್ಚಿದರೆ, ಕೊಟ್ಟ ಕೂಲಿ ಕಾನೂನು ಪ್ರಕಾರ ಸರಿಯಾಗೇ ಇದ್ದರೂ ಮನೆಗೆ ಬರೋದು ಸೂತ್ರ ಹೇಳಿದ್ದರ ಶೇ 62 ಮಾತ್ರ. ಹದಿನಾರನ್ನ ಇಪ್ಪತ್ತಾರರಿಂದ ಭಾಗಿಸಿ ನೋಡಿ. ಯಾರೂ ಮೋಸ ಮಾಡಿಲ್ಲ, ಆದರೂ ಮನೆಗೆ ಮೂರನೇ ಒಂದು ಪಾಲಿಗಿಂತ ಹೆಚ್ಚು ಕಡಿಮೆ ಬಂತು.

ಇದರ ಮೇಲೆ ವಲಯದ ಲೆಕ್ಕ ಬೇರೆ. 2025ರ ಏಪ್ರಿಲ್‌ನಲ್ಲಿ ನಮ್ಮ ಕಾರ್ಮಿಕ ಇಲಾಖೆ ಹೊರಡಿಸಿದ ಕರಡು ಅಧಿಸೂಚನೆಯಲ್ಲಿ ರಾಜ್ಯವನ್ನ ಮೂರು ವಲಯ ಮಾಡಿದ್ದಾರೆ. ಬೆಂಗಳೂರಿಗೆ ಹೆಚ್ಚು, ಸಣ್ಣ ಊರುಗಳಿಗೆ ಕಡಿಮೆ. ಬಾಡಿಗೆ ಕಡಿಮೆ ಅನ್ನೋ ವಾದ ನನಗೆ ಒಪ್ಪಿಗೆ. ಕಡಿಮೆ ಹಾಜರಿಯ ಊರಿಗೆ ಕಡಿಮೆ ದಿನಗೂಲಿ ಅನ್ನೋದು ಒಪ್ಪಿಗೆ ಇಲ್ಲ. ಸುಮ್ಮನೆ ಕೂರುವ ಹತ್ತು ದಿನ ಹೊಟ್ಟೆಗೆ ರಜಾ ಇರಲ್ಲ. ಸರ್ಕಾರದವರು ಇದಕ್ಕೊಂದು ಉತ್ತರ ಕೊಡ್ತಾರೆ: ಉದ್ಯೋಗ ಖಾತ್ರಿ ಇದೆಯಲ್ಲ, 2025-26ಕ್ಕೆ ಕರ್ನಾಟಕದಲ್ಲಿ ದಿನಕ್ಕೆ 370 ರೂಪಾಯಿ, ಹೆಣ್ಣಿಗೂ ಗಂಡಿಗೂ ಒಂದೇ. ಇವನ ಹೆಂಡತಿ ಅದಕ್ಕೆ ಹೋಗ್ತಾಳೆ, ಹೊಲದ ಕೂಲಿಗಿಂತ ಅದೇ ವಾಸಿ ಅಂತಾಳೆ. ಇವನು ಹೋದರೆ? ಹತ್ತು ದಿನ ಬದುವಿನ ಕೆಲಸದಲ್ಲಿ ಗುದ್ದಲಿ ಹಿಡಿದ ಕೈ ಹನ್ನೊಂದನೇ ದಿನ ಟೇಪಿನ ಮೇಲೆ ಹಗುರವಾಗಿ ಓಡಲ್ಲ ಅಂದ. ಅದನ್ನ ನಾನು ಪರೀಕ್ಷೆ ಮಾಡಿಲ್ಲ, ಆದರೆ ನಂಬ್ತೀನಿ.

ಇಂಥವರನ್ನ ಎಣಿಸುವವರಾದರೂ ಇದ್ದಾರಾ? ಅಮೆರಿಕದ ಕಾರ್ಮಿಕ ಅಂಕಿಅಂಶ ಕಚೇರಿಯ ಪಟ್ಟಿಯಲ್ಲಿ ‘ಟೇಪರ್’ ಅಂತ ಒಂದು ಪ್ರತ್ಯೇಕ ಕಸುಬಿದೆ, 47-2082 ಅಂತ ಅದಕ್ಕೊಂದು ನಂಬರು. ನಗರಗಳ ಹೊರಗಿನ ಜಿಲ್ಲೆಗಳನ್ನೂ ಗುಂಪು ಮಾಡಿ ಕಸುಬುವಾರು ಕೂಲಿ ಪ್ರಕಟಿಸ್ತಾರೆ. ನಮ್ಮ ಕೇಂದ್ರ ಕಾರ್ಮಿಕ ಬ್ಯೂರೊ ಕೂಡ ಗ್ರಾಮೀಣ ಕೂಲಿ ದರ ಸಂಗ್ರಹಿಸುತ್ತೆ, ದೇಶದ ಆಯ್ದ ಹಳ್ಳಿಗಳಿಂದ, 25 ಕೆಲಸಗಳಿಗೆ. ಅದರಲ್ಲಿ ಗೌಂಡಿ ಇದ್ದಾರೆ, ಬಡಿಗೇರ ಇದ್ದಾರೆ, ಪ್ಲಂಬರ್, ಎಲೆಕ್ಟ್ರಿಷಿಯನ್ ಇದ್ದಾರೆ. ಜಾಯಿಂಟ್‌ನವನು ‘ಕಟ್ಟಡ ಕೆಲಸಗಾರ’ ಅನ್ನೋ ದೊಡ್ಡ ಚೀಲದಲ್ಲಿ ಎಲ್ಲೋ ಇದ್ದಾನೆ. ಅದೂ ದಿನದ ದರ ಮಾತ್ರ. ತಿಂಗಳಿಗೆ ಎಷ್ಟು ದಿನ ಸಿಕ್ಕಿತು ಅನ್ನೋ ಕಾಲಂ ಆ ಪಟ್ಟಿಯಲ್ಲಿ ಇರಲ್ಲ.

ಕಟ್ಟಡ ಕಾರ್ಮಿಕರ ಮಂಡಳಿ ವಿಷಯಕ್ಕೆ ಬಂದರೆ ಇನ್ನೊಂದು ಗಂಟು. ಕಟ್ಟಡದ ವೆಚ್ಚದ ಶೇ 1 ಸೆಸ್ ಕಟ್ಟಬೇಕು ಅಂತ 1996ರಲ್ಲಿ ಕಾಯ್ದೆ ಬಂತು, ಆ ದುಡ್ಡಲ್ಲಿ ಕಾರ್ಮಿಕರಿಗೆ ವೈದ್ಯಕೀಯ ನೆರವು, ಮಕ್ಕಳ ಓದಿಗೆ ಸಹಾಯ, 60 ದಾಟಿದ ಮೇಲೆ ಪಿಂಚಣಿ. ಕಾರ್ಡು ಬೇಕು ಅಂದ್ರೆ ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ್ದಕ್ಕೆ ಪ್ರಮಾಣಪತ್ರ ಬೇಕು. ಬೆಂಗಳೂರಿನಲ್ಲಿ ಇವನು ಒಂದು ವರ್ಷದಲ್ಲಿ ಹನ್ನೊಂದು ಸೈಟು ನೋಡಿದ್ದಾನೆ, ಯಾವ ಕಾಂಟ್ರಾಕ್ಟರೂ ಇವನ ಹೆಸರಲ್ಲಿ ಸಹಿ ಮಾಡಿಲ್ಲ. ಮೇಸ್ತ್ರಿ ಹೆಸರು ಗೊತ್ತು, ಮೇಸ್ತ್ರಿ ಮೇಲಿನವನ ಹೆಸರು ಗೊತ್ತಿಲ್ಲ. ನಮ್ಮ ಸ್ಟುಡಿಯೊದಲ್ಲೇ ಒಂಬತ್ತು ದಿನ ಕೆಲಸ ಮಾಡಿದ. ಆ ಒಂಬತ್ತು ದಿನಕ್ಕೆ ಸಹಿ ಯಾರು ಹಾಕಿದರು ಅಂತ ನಾನು ವಿಚಾರಿಸಿದೆ. ಯಾರೂ ಹಾಕಿರಲಿಲ್ಲ. ಗೇಟಿನ ರಿಜಿಸ್ಟರಿನಲ್ಲಿ ‘ಸೆಟ್ ವರ್ಕ್, 4 ಜನ’ ಅಂತ ಇತ್ತು. ದಿನಾ ರಾತ್ರಿ ಬೇರೆಯವರ ಲೆಕ್ಕ ಕೇಳುವ ನನಗೆ ಅವತ್ತು ಸ್ವಲ್ಪ ಮುಜುಗರ ಆಯ್ತು, ಹೇಳಿಬಿಡ್ತೀನಿ.

ಹಾಗಾದರೆ ಅವನಿಗೆ ನಾನು ಕೊಟ್ಟ ಉತ್ತರ ಏನು? ಬೆಂಗಳೂರಿನಲ್ಲೂ 26 ಹಾಜರಿ ಅನ್ನೋದು ಗ್ಯಾರಂಟಿ ಇಲ್ಲ ಅಂತ ತೋರಿಸಿದೆ. ಸೈಟು ನಿಂತು 22ಕ್ಕೆ ಇಳಿದರೆ ಇಲ್ಲಿಂದ ಮನೆಗೆ ಹೋಗೋದು 10,500 ಮಾತ್ರ. ಆಗ ಊರಲ್ಲಿ 18 ಹಾಜರಿ ಸಿಕ್ಕರೂ ಸಮ. 16ಕ್ಕೂ 18ಕ್ಕೂ ಎರಡೇ ದಿನದ ಅಂತರ. ಆ ಎರಡು ದಿನ ಎಲ್ಲಿಂದ ಬರಬಹುದು? ಒಬ್ಬನೇ ಒಂದೊಂದು ಹಾಲು ಹಿಡಿಯುವ ಬದಲು ಮೂರು ಜನ ಸೇರಿ ಒಂದೇ ಊರಲ್ಲಿ ಮೂರು ಮನೆ ಒಟ್ಟಿಗೆ ಹಿಡಿದರೆ, ಒಂದು ಮನೆ ಒಣಗುವಾಗ ಇನ್ನೊಂದರಲ್ಲಿ ಇರಬಹುದು. ಬೆಂಗಳೂರಿನ ದೊಡ್ಡ ಮಹಡಿಯನ್ನ ಊರಲ್ಲಿ ತುಂಡು ತುಂಡಾಗಿ ಜೋಡಿಸಿದ ಹಾಗೆ. ಕಾಗದದ ಮೇಲೆ ಚೆನ್ನಾಗಿದೆ. ‘ಸರ, ಮೂರು ಮಂದಿ ಮಾಲಕರು ಒಂದ ವಾರ ರೊಕ್ಕ ಕೊಡಬೇಕಲ್ರಿ’ ಅಂತ ಅವನು ತಕ್ಷಣ ಹೇಳಿದ. ಅದಕ್ಕೆ ನನ್ನ ಹತ್ತಿರ ಸೂತ್ರ ಇರಲಿಲ್ಲ.

ಗದಗ ಪಕ್ಕದ ಕಣಗಿನಹಾಳದಲ್ಲಿ 1905ರಲ್ಲಿ ರೈತರು ಸೇರಿ ಸಹಕಾರಿ ಸಂಘ ಕಟ್ಟಿದ್ದರು, ಸಿದ್ದನಗೌಡ ಪಾಟೀಲರ ಮುಂದಾಳತ್ವದಲ್ಲಿ. ದೇಶದಲ್ಲೇ ಮೊದಲಿನದು ಅಂತ ಶಾಲೆಯಲ್ಲಿ ಓದಿದ್ದೀವಿ. ಬಿತ್ತನೆ ಹೊತ್ತಿಗೆ ಕೈಯಲ್ಲಿ ದುಡ್ಡಿಲ್ಲ, ಸುಗ್ಗಿ ಆದಮೇಲೆ ಬರುತ್ತೆ ಅನ್ನೋ ಅಂತರವನ್ನ ತುಂಬೋಕೆ ಹುಟ್ಟಿದ್ದು ಅದು. ಸೀಲಿಂಗ್‌ನವನ ಕಷ್ಟವೂ ಅದೇ ಅಂತರದ್ದು. ಅವನು ಬೋರ್ಡಿಗೆ, ಕಾಂಪೌಂಡಿಗೆ ಇವತ್ತು ದುಡ್ಡು ಹಾಕಬೇಕು, ಮಾಲೀಕರು ಮೆಣಸಿನಕಾಯಿ ಮಾರಿ ಕೊಡ್ತಾರೆ. ಈ ಕಸುಬಿನವರಿಗೆ ನೂರಿಪ್ಪತ್ತು ವರ್ಷದ ಹಿಂದಿನ ಆ ಐಡಿಯಾ ಯಾಕೆ ಇನ್ನೂ ತಲುಪಿಲ್ಲ ಅನ್ನೋದನ್ನ ಆ ಊರಿನ ಪಕ್ಕದಲ್ಲೇ ಕೂತು ಕೇಳಬೇಕು. ಕೇಳ್ತೀನಿ.

ದೀಪಾವಳಿಗೆ ಅವನೂ ಊರಿಗೆ ಬಂದಿದ್ದ. ಲಕ್ಷ್ಮೇಶ್ವರದಲ್ಲಿ ಒಂದು ಮದುವೆ ಹಾಲಿನ ಸೀಲಿಂಗ್ ಸಿಕ್ಕಿದೆ, ಹನ್ನೊಂದು ಹಾಜರಿ, ಮಗಳ ಶಾಲೆಗೆ ದಿನಾ ತಾನೇ ಬಿಡ್ತಿದ್ದೀನಿ ಅಂತ ಫೋನಿನಲ್ಲಿ ಹೇಳಿದ. ಆಮೇಲೆ ಏನು ಅಂತ ಗೊತ್ತಿಲ್ಲ. ಬೆಂಗಳೂರಿನ ರೂಮಿನವರು ಕೇಳ್ತಿದ್ದಾರಂತೆ, ನೀನು ಬರ್ತೀಯೋ, ಇನ್ನೊಬ್ಬನನ್ನ ಸೇರಿಸಿಕೊಳ್ಳೋಣವೋ ಅಂತ. ಆ ತಿಂಗಳ ಪಾಲಿನ ಎರಡು ಸಾವಿರವನ್ನ ಅವನು ಊರಿಂದಲೇ ಕಳಿಸಿದ್ದಾನೆ.